ಕಾಣದ ಮೂರೂವರೆ ಪರ್ಸೆಂಟ್

ತಂಗಿಯ ಮಗಳು ಐರ್ಲೆಂಡಿಗೆ ಓದಲಿಕ್ಕೆ ಹೊರಟಿದ್ದಾಳೆ. ಫೀಸಿನ ಒಂದು ಕಂತು, ರೂಪಾಯಿ ಲೆಕ್ಕದಲ್ಲಿ ಒಂದು ಲಕ್ಷ, ನನ್ನ ಕ್ರೆಡಿಟ್ ಕಾರ್ಡಲ್ಲಿ ಕಟ್ಟಿದೆ. ಬಿಲ್ ಬಂತು ನೋಡಿ ಮಾರಾಯ್ರೆ, ಫಾರಿನ್ ಕರೆನ್ಸಿ ಮಾರ್ಕಪ್ (ವಿದೇಶಿ ಹಣದಲ್ಲಿ ಕಟ್ಟಿದ್ದಕ್ಕೆ ಬ್ಯಾಂಕ್ ಹಾಕುವ ಚಾರ್ಜ್) ಅಂತ 3,500, ಅದರ ಕೆಳಗೆ ಆ ಮಾರ್ಕಪ್ಪಿಗೇ 18% ಜಿಎಸ್‌ಟಿ, 630 ರೂಪಾಯಿ! ಕಟ್ಟುವಾಗ ಒಟಿಪಿ ಕೇಳಿದರಲ್ವಾ, ಅದೇ ಮೆಸೇಜಲ್ಲಿ ಇಷ್ಟು ಹಿಡಿಯುತ್ತೇವೆ ಅಂತ ಒಂದು ಸಾಲು ಹಾಕಲಿಕ್ಕೆ ಏನು ಕಷ್ಟ? ಮಂಗಳೂರು ಹಂಪನಕಟ್ಟೆಯ ಬ್ರಾಂಚಲ್ಲಿ ಕೇಳಿದರೆ "ಟರ್ಮ್ಸ್ ಅಂಡ್ ಕಂಡೀಷನ್ಸಲ್ಲಿ ಉಂಟಲ್ಲ ಸರ್" ಅಂತಾರೆ. ಮಾರ್ಕೆಟ್ಟಲ್ಲಿ ಮೀನು ಮಾರುವ ಅಮ್ಮ ಕೂಡ ಅಂಜಲ್‌ಗೆ ಕತ್ತಿ ಇಡುವ ಮೊದಲು ಕ್ಲೀನ್ ಮಾಡಲಿಕ್ಕೆ ಇಷ್ಟು ಅಂತ ಹೇಳುತ್ತಾರೆ.

ಕೆಲವು ಸೈಟುಗಳು "ರೂಪಾಯಲ್ಲೇ ಕಟ್ಟಿ" ಅಂತ ಬೇರೆ ಆಸೆ ತೋರಿಸುತ್ತವೆ. ಒತ್ತಬೇಡಿ. ಅಲ್ಲಿ ಯೂರೋ ರೇಟನ್ನೇ ಏರಿಸಿರುತ್ತಾರೆ, ಅದರ ಮೇಲೆ ಎಷ್ಟೋ ಬ್ಯಾಂಕುಗಳು ಇನ್ನೊಂದು ಚಾರ್ಜ್ ಹಾಕುತ್ತವೆ.

ಒಂದಲ್ಲ ಎರಡಲ್ಲ, ಐದು ದೊಡ್ಡ ಬ್ಯಾಂಕ್ ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ನಮ್ಮದು, ಲೆಕ್ಕ ನಮಗೆ ಹೊಸತಲ್ಲ. ಹಾಗಾದರೆ ಮುಂದಿನ ಕಂತು ಬ್ಯಾಂಕಿಂದಲೇ ನೇರ ಕಳಿಸುವ ಅಂದರೆ, ನಡುವಿನ ಫಾರಿನ್ ಬ್ಯಾಂಕ್ ತನ್ನ ಪಾಲು ಕತ್ತರಿಸಿಕೊಳ್ಳಬಹುದಂತೆ. ಎಷ್ಟು ಅಂತ ಕೇಳಿದೆ. ಮೊದಲೇ ಹೇಳಲಿಕ್ಕೆ ಆಗುವುದಿಲ್ಲವಂತೆ!