ಚಿಕ್ಕಪೇಟೆಯನ್ನು ಕಂಡುಹಿಡಿದವರು

ಹೋದ ತಿಂಗಳು ಒಂದು ಶನಿವಾರ 1,800 ರೂಪಾಯಿ ಕೊಟ್ಟು ಚಿಕ್ಕಪೇಟೆ ನೋಡಿಕೊಂಡು ಬಂದೆ.

ನಗಬೇಡಿ. ಮೂವತ್ತು ವರ್ಷದಿಂದ ಪುಕ್ಕಟೆ ಹೋಗಿಬರುತ್ತಿದ್ದ ಜಾಗವೇ ಅದು. ರವಿಕೆಗೆ ಲೈನಿಂಗು, ಸೀರೆಗೆ ಫಾಲ್ಸು, ಗೃಹಪ್ರವೇಶಕ್ಕೆ ಬಂದವರಿಗೆ ಕೊಡಲು ಎರಡು ಡಜನ್ ಬ್ಲೌಸ್ ಪೀಸು, ಹೀಗೆ ಏನಾದರೊಂದು ನೆಪ. ಹೋಗುವುದು, ಕಾಲು ತುಳಿಸಿಕೊಳ್ಳುವುದು, ಚೌಕಾಸಿ ಮಾಡುವುದು, ಉಳಿಸಿದ ಐವತ್ತು ರೂಪಾಯಿಯ ಖುಷಿಗೆ ಎಂಬತ್ತು ರೂಪಾಯಿಯ ಮಸಾಲೆ ದೋಸೆ ತಿಂದು ಬರುವುದು. ಇದಕ್ಕೆಲ್ಲ ಟಿಕೆಟ್ ಇಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಹೊಳೆದವರು ಡಿಸೈನರ್ ಆಗಿದ್ದಾರೆ.

ಬುಕ್ ಮಾಡಿದ್ದು ಅಕ್ಕನ ಮಗಳು. "ಚಿಕ್ಕಮ್ಮ, ಡಿಸೈನರ್ ಒಬ್ರು ತಮ್ಮ ಫೇವರಿಟ್ ಲೋಕಲ್ ಸ್ಪಾಟ್ಸ್ ತೋರಿಸ್ತಾರಂತೆ. ಬಟ್ಟೆ, ಒಡವೆ ಎಲ್ಲಾ. ನಿಮ್ಮದೂ ಸೇರಿಸಿ ಹಾಕ್ಸಿದೀನಿ, ದುಡ್ಡು ಆಮೇಲೆ ಕೊಡಿ" ಅಂದಳು. ಟಿಕೆಟ್ಟಿನ ಬೆಲೆಯಲ್ಲಿ ಒಂದು ಲೋಟ ಫಿಲ್ಟರ್ ಕಾಫಿ, ಒಂದು ಸೆಣಬಿನ ಚೀಲ ಮತ್ತು 'ಕಥೆಗಳು' ಸೇರಿವೆ ಅಂತ ಬರೆದಿತ್ತು. ಇದನ್ನು ಕ್ಯುರೇಟೆಡ್ ವಾಕ್ ಅನ್ನಬೇಕಂತೆ. ನಾವು ಇಷ್ಟು ದಿನ ಸುಮ್ಮನೆ ಅಲೆದಾಟ ಅನ್ನುತ್ತಿದ್ದೆವು.

ಹತ್ತು ಗಂಟೆಗೆ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಹದಿನಾಲ್ಕು ಜನ ಸೇರಿದೆವು. ಡಿಸೈನರ್ ಮಹಾಶಯರು ಹುಟ್ಟಿದಾರಭ್ಯ ಇಸ್ತ್ರಿ ಕಾಣದ ಲಿನನ್ ಅಂಗಿ ತೊಟ್ಟು ಬಂದಿದ್ದರು. ಎರಡೂ ಕೈ ಅಗಲಿಸಿ, "ಇದು ಬೆಂಗಳೂರಿನ ಹಿಡನ್ ಜೆಮ್" ಅಂದರು. ಅಷ್ಟರಲ್ಲಿ ಸೀರೆ ಗಂಟು ಹೇರಿದ ಕೈಗಾಡಿಯೊಂದು "ಸೈಡ್, ಸೈಡ್, ಸೈಡ್" ಅನ್ನುತ್ತ ನಮ್ಮ ಗುಂಪನ್ನು ಸರಿಯಾಗಿ ಏಳು ಏಳು ಮಾಡಿ ನಡುವೆ ಹಾದುಹೋಯಿತು.

ಅಡಗಿರುವ ರತ್ನವಂತೆ. ಅಡಗಿಕೊಳ್ಳಲು ಅಲ್ಲಿ ಜಾಗವೆಲ್ಲಿದೆ? ನಿಲ್ಲುವುದಕ್ಕೇ ಜಾಗವಿಲ್ಲ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದಾಗಿನಿಂದ ದೊಡ್ಡಪೇಟೆ, ಚಿಕ್ಕಪೇಟೆ, ಅರಳೇಪೇಟೆ, ಬಳೇಪೇಟೆ ಅಂತ ಹೆಸರು ಕೂಗಿಕೊಂಡೇ ವ್ಯಾಪಾರ ನಡೆದಿದೆ. ಆಮೇಲೆ ದೊಡ್ಡಪೇಟೆಗೆ ಅವೆನ್ಯೂ ರಸ್ತೆ ಅನ್ನುವ ಹೆಸರು ಅಂಟಿಕೊಂಡಿತು, ಅದು ಮೊದಲನೇ ಸಲ ಕಂಡುಹಿಡಿದದ್ದು. 2017ರಿಂದ ಮೆಟ್ರೋ ರೈಲೇ ಚಿಕ್ಕಪೇಟೆಯ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೂಗಿ ಹೇಳಿ ಜನರನ್ನು ಇಳಿಸುತ್ತಿದೆ. ಇನ್ನೆಷ್ಟು ಅಡಗಿರಲಿ, ಪಾಪ.

ಮೊದಲನೆಯ 'ಸ್ಪಾಟು' ಒಂದು ಓಣಿಯೊಳಗಿನ ಓಣಿಯಲ್ಲಿತ್ತು. "ಈ ಅಂಗಡಿ ನನ್ನ ಸೀಕ್ರೆಟ್. ದಯವಿಟ್ಟು ಯಾರೂ ಫೋಟೋ ಹಾಕಿ ಲೊಕೇಶನ್ ಟ್ಯಾಗ್ ಮಾಡಬೇಡಿ" ಅಂತ ಅವರು ದನಿ ತಗ್ಗಿಸಿದರು. ಹದಿಮೂರು ಜನ ಗೌರವದಿಂದ ಫೋನು ಇಳಿಸಿದರು. ಒಳಗೆ ಗಾದಿ ಮೇಲೆ ಕೂತಿದ್ದ ಸೇಟು ನನ್ನ ಮುಖ ನೋಡಿದವನೇ, "ಬನ್ನಿ ಅಮ್ಮ, ಹೋದ್ಸಲ ತಗೊಂಡು ಹೋದ ಫಾಲ್ಸು ಕಲರ್ ಮ್ಯಾಚ್ ಆಯ್ತಾ?" ಅಂದುಬಿಟ್ಟ. ಆ ಕ್ಷಣದಿಂದ ಡಿಸೈನರ್ ನನ್ನ ಕಡೆ ನೋಡಲಿಲ್ಲ. ರಹಸ್ಯ ಬಯಲು ಮಾಡಿದವಳ ಪಟ್ಟ ನನಗೆ.

ಅವರ ಮಾತಿನಲ್ಲಿ 'ಸ್ಲೋ ಫ್ಯಾಷನ್' ಅನ್ನುವುದು ಬಹಳ ಸಲ ಬಂತು. ಅವಸರವಿಲ್ಲದೆ, ಒಂದೊಂದೇ ಬಟ್ಟೆಯನ್ನು ಧ್ಯಾನಿಸಿ ಹೊಲಿಯುವುದಂತೆ. ನಮ್ಮ ಬೀದಿಯ ಟೈಲರ್ ಯುಗಾದಿಗೆ ಕೊಟ್ಟ ರವಿಕೆಯನ್ನು ಗೌರಿಹಬ್ಬಕ್ಕೂ ಕೊಟ್ಟಿಲ್ಲ. ಇಷ್ಟು ದಿನ ಅವನನ್ನು ಬೈದುಕೊಂಡು ತಿರುಗಿದೆನಲ್ಲ, ಈ ಚಳವಳಿಯ ಪಿತಾಮಹನನ್ನು.

ನಗರ್ತಪೇಟೆಗೆ ಬಂದಾಗ ಮಾತ್ರ ನಾನು ಸ್ವಲ್ಪ ಹೊತ್ತು ಅವರ ಕಥೆ ಕೇಳುವುದು ಬಿಟ್ಟೆ. ಅಲ್ಲಿನ ಹಳೇ ಕಟ್ಟಡಗಳ ಕಿರುಮೆಟ್ಟಿಲು ಹತ್ತಿದರೆ ಮೇಲೆ ಚಿನ್ನದ ಕೆಲಸದ ಕೋಣೆಗಳು. ಬಂಗಾಳದಿಂದ ಬಂದ ಹುಡುಗರು ಚಿಕ್ಕ ಮಣೆಗಳ ಮುಂದೆ ಬಗ್ಗಿ ಕೂತು ಬೆಂಕಿ ಊದುತ್ತಿರುತ್ತಾರೆ. ಕೆಳಗೆ, ಚರಂಡಿ ಅಂಚಿನಲ್ಲಿ, ಒಬ್ಬ ಹೆಂಗಸು ಮೋಟು ಪೊರಕೆಯಿಂದ ಕಲ್ಲಿನ ಸಂದಿಯ ಮಣ್ಣನ್ನು ಕೆರೆದು ಬಾಂಡ್ಲಿಗೆ ತುಂಬುತ್ತಿದ್ದಳು. ಒಂದು ಚಿಟಿಕೆ ಧೂಳನ್ನೂ ಬಿಡುತ್ತಿರಲಿಲ್ಲ. ಆ ಮಣ್ಣನ್ನು ನೀರಲ್ಲಿ ಜಾಲಿಸಿದರೆ ತಳದಲ್ಲಿ ಚಿನ್ನದ ಕಣ ಸಿಗುತ್ತದೆ. ಅದೇ ಅವಳ ದಿನಗೂಲಿ.

ಒಡವೆ ಕೊಳ್ಳುವಾಗ ಬಿಲ್ಲಿನಲ್ಲಿ 'ವೇಸ್ಟೇಜ್' ಅಂತ ಒಂದು ಸಾಲಿರುತ್ತದಲ್ಲ, ನೆನಪಿಸಿಕೊಳ್ಳಿ. ಕೊರೆಯುವಾಗ, ಅರ ಹಾಕಿ ಉಜ್ಜುವಾಗ ಹಾರಿಹೋದ ಚಿನ್ನದ ಬೆಲೆ ಅದು, ಕೊಡುವವರು ನಾವು. ಹಾರಿದ ಚಿನ್ನ ಹೋಗುವುದಾದರೂ ಎಲ್ಲಿಗೆ? ಕೆಲಸಗಾರನ ಮಣೆಯ ಕೆಳಗಿನ ತಟ್ಟೆಗೆ ಬೀಳುತ್ತದೆ, ಕೈ ತೊಳೆದ ನೀರಿಗೆ ಬೀಳುತ್ತದೆ, ಗುಡಿಸಿದ ಕಸದಲ್ಲಿ ಸೇರುತ್ತದೆ. ಅದನ್ನೆಲ್ಲ ಕೂಡಿಟ್ಟು, ಸುಟ್ಟು, ಕರಗಿಸಿ ಮತ್ತೆ ಚಿನ್ನ ಮಾಡುತ್ತಾರೆ. ಅಲ್ಲಿಂದಲೂ ತಪ್ಪಿಸಿಕೊಂಡು ಬೀದಿಗಿಳಿದ ಕಣಕ್ಕೆ ಈ ಹೆಂಗಸು ಕಾದಿರುತ್ತಾಳೆ. ವೇಸ್ಟ್ ಅನ್ನುವುದು ಇಡೀ ಪೇಟೆಯಲ್ಲಿ ಇರುವುದು ನಮ್ಮ ಬಿಲ್ಲಿನಲ್ಲಿ ಮಾತ್ರ.

"ಫೈಂಡ್ಸ್ ಸಿಗೋದು ನೋಡೋ ಕಣ್ಣಿದ್ದವರಿಗೆ" ಅನ್ನುತ್ತ ಡಿಸೈನರ್ ಆ ಬಾಂಡ್ಲಿಯನ್ನು ದಾಟಿ ಮುಂದೆ ಹೋದರು.

ಚಿನ್ನ ಅವರಿಗೆ 'ಲೌಡ್' ಅಂತೆ. 2025ರಲ್ಲಿ 10 ಗ್ರಾಂಗೆ ಲಕ್ಷ ರೂಪಾಯಿ ದಾಟಿದ ಮೇಲೆ ನಮಗೆಲ್ಲರಿಗೂ ಹಾಗೇ ಅನಿಸತೊಡಗಿದೆ, ಬಾಯಲ್ಲಿ ಹೇಳಲು ನಾಚಿಕೆ ಅಷ್ಟೇ. ಅದೇ ವರ್ಷ ಜುಲೈಯಲ್ಲಿ ಸರ್ಕಾರ 9 ಕ್ಯಾರೆಟ್ ಒಡವೆಯನ್ನೂ ಹಾಲ್‌ಮಾರ್ಕಿನ ಪಟ್ಟಿಗೆ ಸೇರಿಸಿತು. 22 ಕ್ಯಾರೆಟ್ಟಿಗೆ 916 ಅಂತ ಮುದ್ರೆ ಹಾಕುವ ಹಾಗೆ ಇದಕ್ಕೆ 375. ಅಂದರೆ ನೂರಕ್ಕೆ ಮೂವತ್ತೇಳೂವರೆ ಚಿನ್ನ, ಉಳಿದದ್ದು ಬೇರೆ ಲೋಹ. ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೂ ಪಾಸು. ಆ ಲೆಕ್ಕಕ್ಕೆ ಈ ಒಡವೆ ಎರಡೂವರೆ ಮಾರ್ಕು ಜಾಸ್ತಿ ತೆಗೆದು ಪಾಸಾಗಿದೆ.

"ನಾನು ಸಿಲ್ವರ್ ಪರ್ಸನ್" ಅಂದರು ಡಿಸೈನರ್. ಹಾಗಾಗಿ ರಾಜಾ ಮಾರ್ಕೆಟ್ಟಿಗೆ ಹೋದೆವು.

ಈಗ ಬೆಳ್ಳಿಯ ವಿಷಯ ಸ್ವಲ್ಪ ಹೇಳಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಗೃಹಿಣಿತನವನ್ನು ನಮ್ಮತ್ತೆ ಅಳೆದದ್ದು ಎರಡೇ ವಿಷಯದಲ್ಲಿ. ರೊಟ್ಟಿ ಗುಂಡಗಿದೆಯೇ, ಬೆಳ್ಳಿ ಬೆಳ್ಳಗಿದೆಯೇ. ಅವರು ಬಾಗಲಕೋಟೆ ಕಡೆಯವರು. ದೇವರ ಮನೆಯ ದೀಪ, ಕುಂಕುಮದ ಭರಣಿ, ಮಕ್ಕಳ ಗೆಜ್ಜೆ, ತಮ್ಮ ಕಾಲುಂಗುರ, ಯಾವುದರ ಮೂಲೆಯಲ್ಲಾದರೂ ಕೂದಲೆಳೆಯಷ್ಟು ಕಪ್ಪು ಕಂಡರೆ ಹುಣಸೆಹಣ್ಣು ನೆನೆಹಾಕುತ್ತಿದ್ದರು. ಕಪ್ಪಾದ ಬೆಳ್ಳಿ ಅಂದರೆ ಮನೆಯ ಹೆಂಗಸು ಸೋಮಾರಿ ಅಂತ ಊರಿಗೇ ಡಂಗುರ ಸಾರಿದ ಹಾಗೆ.

ಈಗ ಕಪ್ಪೇ ಸ್ಟೈಲು. ಬೆಳ್ಳಿ ಗಾಳಿಯಲ್ಲಿರುವ ಗಂಧಕಕ್ಕೆ ತಾನಾಗಿ ನಿಧಾನವಾಗಿ ಕಪ್ಪಾಗುತ್ತದೆ. ಅಷ್ಟು ಕಾಯುವ ಪುರುಸೊತ್ತಿಲ್ಲದವರಿಗಾಗಿ ಗಂಧಕದ ದ್ರಾವಣದಲ್ಲಿ ಅದ್ದಿ ನಿಮಿಷಗಳಲ್ಲಿ ಕಪ್ಪು ಮಾಡಿ ಕೊಡುತ್ತಾರೆ. ಸ್ಲೋ ಫ್ಯಾಷನ್‌ಗೂ ಇಲ್ಲಿ ಅವಸರ. ಅದರ ಹೆಸರು 'ಆಕ್ಸಿಡೈಸ್ಡ್'. ಕಪ್ಪು ಮಾಡುವುದು ಗಂಧಕ, ಹೆಸರು ಹೋಗಿದ್ದು ಆಕ್ಸಿಜನ್‌ಗೆ. ಪೇಟೆಯಲ್ಲಿ ಅದೂ ಹೊಸದಲ್ಲ, ನೇಯುವವರು ಒಬ್ಬರು, ಹೆಸರು ಮಾಡುವವರು ಇನ್ನೊಬ್ಬರು.

ರಾಜಾ ಮಾರ್ಕೆಟ್ಟಿನಲ್ಲಿ ಬೆಳ್ಳಿಯನ್ನು ತಕ್ಕಡಿಗೆ ಹಾಕಿ ಗ್ರಾಂ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. ಅಕ್ಕನ ಮಗಳು ಒಂದು ಕಾಲ್ಕಡಗ ಕೈಗೆತ್ತಿಕೊಂಡಳು. ಡಿಸೈನರ್ ಅವಳ ಕೈಯಿಂದ ನಯವಾಗಿ ತೆಗೆದು ಕೆಳಗಿಟ್ಟರು. "ಇಲ್ಲಿ ಬರೀ ಇನ್‌ಸ್ಪಿರೇಶನ್ ತಗೊಳ್ಳಿ. ಪೀಸ್ ತಗೋಬೇಕಾದ್ರೆ ಸ್ಟುಡಿಯೋಗೆ ಬನ್ನಿ."

ಸ್ಟುಡಿಯೋ ಇದ್ದದ್ದು ಇಂದಿರಾನಗರದಲ್ಲಿ. ಎ.ಸಿ. ವ್ಯಾನು ಹತ್ತಿಸಿದರು. ಚಿಕ್ಕಪೇಟೆಯಿಂದ ಅಲ್ಲಿಗೆ ಏಳೆಂಟು ಕಿಲೋಮೀಟರ್ ಇರಬಹುದು. ಈ ದಾರಿಯಲ್ಲಿ ಬಟ್ಟೆಗೆ ಏನಾಗುತ್ತದೋ ದೇವರೇ ಬಲ್ಲ. ಅಲ್ಲಿ 900 ರೂಪಾಯಿಗೆ ವ್ಯಾನು ಹತ್ತಿದ ಸೀರೆ ಇಲ್ಲಿ 9,000 ರೂಪಾಯಿಗೆ ಇಳಿಯುತ್ತದೆ. ಆಟೋದವರು ಕೂಡ ಇಷ್ಟು ಮೀಟರ್ ಮೇಲೆ ಕೇಳುವುದಿಲ್ಲ.

ಒಳಗೆ ಬಿಳೀ ಗೋಡೆ, ಮಂದ ಬೆಳಕು, ಒಂದು ಹ್ಯಾಂಗರಿಗೂ ಇನ್ನೊಂದಕ್ಕೂ ಮಧ್ಯೆ ಒಂದು ಸಂಸಾರ ಇರುವಷ್ಟು ಜಾಗ. ಮೊದಲು ಕಂಡದ್ದು ಇಳಕಲ್. ಅದರ ಮೈ ಹತ್ತಿ, ಸೆರಗು ರೇಷ್ಮೆ. ಮೈಯ ಹಾಸೆಳೆಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲಿಗೆ, ಸೆರಗಿನ ಹಾಸೆಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಬೆಸೆಯುತ್ತಾರೆ. ತೋಪ್ ತೆನಿ ಸೆರಗಿನ ಕೆಂಪು ಬಿಳುಪಿನ ಪಟ್ಟೆ ಕಣ್ಣಿಗೆ ಕಾಣುವುದು ಆಮೇಲೆ, ಜಾಣ್ಮೆ ಇರುವುದು ಆ ಬೆಸುಗೆಯಲ್ಲಿ. ಇಲ್ಲಿ ಸರಿಯಾಗಿ ಆ ಬೆಸುಗೆಯ ಮೇಲೆಯೇ ಕತ್ತರಿ ಆಡಿಸಿ, ಸೆರಗನ್ನು ಬೇರೆ ಮಾಡಿ ಶ್ರಗ್ ಅನ್ನುವ ಒಂದು ಮೇಲಂಗಿ ಹೊಲಿದಿದ್ದರು. 11,500. ಪಕ್ಕದಲ್ಲಿ ಗುಳೇದಗುಡ್ಡದ ಖಣ. ಉಡಿ ತುಂಬುವಾಗ ತ್ರಿಕೋನ ಮಡಚಿ ಎದೆಗೆ ಹಿಡಿದು ಕಣ್ಣಿಗೊತ್ತಿಕೊಳ್ಳುವ ಖಣದಲ್ಲಿ ಪ್ಯಾಂಟು. ಹಿಂದುಗಡೆ ಎರಡು ಜೇಬು.

ಅದರಾಚೆ 'ಝೀರೋ ವೇಸ್ಟ್ ಪ್ಯಾಚ್‌ವರ್ಕ್ ಜಾಕೆಟ್'. ನೋಡಿದರೆ ಕೌದಿ. ಸೀರೆ ಹರಿದರೆ ಲಂಗ, ಲಂಗ ಹರಿದರೆ ಕೂಸಿನ ಹಾಸಿಗೆ, ಅದೂ ಹರಿದರೆ ಕೌದಿಯ ಒಂದು ತುಂಡು. ಮನೆ ಮನೆಗೆ ಬಂದು ಕೌದಿ ಹೊಲಿದುಕೊಡುವ ಹೆಂಗಸರಿಗೆ ನಮ್ಮತ್ತೆಯ ಊರಿನಲ್ಲಿ ಕೂಲಿಯ ಜೊತೆ ಊಟ ಹಾಕಿ ಕಳಿಸುತ್ತಿದ್ದರು. ಝೀರೋ ವೇಸ್ಟ್ ಅಂತ ಅವರು ಹೇಳಿಕೊಂಡಿದ್ದು ಯಾರೂ ಕೇಳಿಲ್ಲ, ಬಡತನ ಅಂತ ಮಾತ್ರ ಕೇಳಿದ್ದೇವೆ. ಈ ಜಾಕೆಟ್ಟಿಗೆ 18,900. ಹಳೇ ಬಟ್ಟೆ ಯಾರದ್ದು ಅಂತ ಕೇಳಿದೆ. "ಇಲ್ಲ ಮೇಡಂ, ಹೈಜೀನ್ ಇಶ್ಯೂ. ಹೊಸ ಬಟ್ಟೆ ತರಿಸಿ ತುಂಡು ಮಾಡ್ತೀವಿ" ಅಂದಳು ಅಲ್ಲಿದ್ದ ಹುಡುಗಿ.

ಮೂಲೆಯ ಕಪಾಟಿನಲ್ಲಿ 'ಟೋ ಲೂಪ್ ಫ್ಲಾಟ್ಸ್' ಅನ್ನುವ ಚೀಟಿ ಹೊತ್ತ ಕೊಲ್ಹಾಪುರಿ ಚಪ್ಪಲಿ. ಇದಕ್ಕೆ ಡಿಸೈನರ್ ಒಬ್ಬರನ್ನೇ ಬೈದರೆ ಅನ್ಯಾಯವಾದೀತು, ಇದರ ಹೆಡ್‌ಮಾಸ್ತರು ಇಟಲಿಯಲ್ಲಿದ್ದಾರೆ. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಗಂಡಸರ ಬಟ್ಟೆಯ ಶೋ ನಡೆದಾಗ ಹುಡುಗರು ಇದೇ ಚಪ್ಪಲಿ ಮೆಟ್ಟಿಕೊಂಡು ನಡೆದರು. ವಿವರದಲ್ಲಿ ಇದ್ದದ್ದು ಬರೀ ಚರ್ಮದ ಚಪ್ಪಲಿ ಅಂತ. ಈ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತು (ಜಿಐ), ಅಂದರೆ ಈ ಹೆಸರು ಈ ಊರುಗಳ ಮಾಲಿಗೇ ಸಲ್ಲಬೇಕು ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಒಟ್ಟು ಎಂಟಕ್ಕೆ ಸೇರಿದ್ದು. ಗಲಾಟೆಯಾದ ಮೇಲೆ ಕಂಪನಿ ಇದು ಭಾರತದ ಚಪ್ಪಲಿಯಿಂದ ಬಂದ ಸ್ಫೂರ್ತಿ ಅಂತ ಒಪ್ಪಿಕೊಂಡಿತು. ಡಿಸೆಂಬರ್ ಹೊತ್ತಿಗೆ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಸೇರಿ 2,000 ಜೊತೆ ಮಾಡಿಸುವುದಾಗಿ ಹೇಳಿತು, ಬೆಲೆ ಸುಮಾರು 800 ಯೂರೋ. ನಮ್ಮ ದುಡ್ಡಲ್ಲಿ 80 ಸಾವಿರದ ಮೇಲೆ.

ಇಲ್ಲಿ ನಮ್ಮವರದ್ದೂ ಒಂದು ಮಜಾ ಇದೆ. ಅಥಣಿಯಲ್ಲಿ, ನಿಪ್ಪಾಣಿಯಲ್ಲಿ ತಲೆಮಾರುಗಳಿಂದ ಈ ಚಪ್ಪಲಿ ಹೊಲಿಯುತ್ತಾರೆ, ಕೀರ್ತಿ ಹೋಗುವುದು ಕೊಲ್ಹಾಪುರಕ್ಕೆ. ಅದರ ಬಗ್ಗೆ ಯಾರಿಗೂ ಸಿಟ್ಟಿರಲಿಲ್ಲ. ಮಿಲಾನಿನವರು ಮೆಟ್ಟಿದ ಮಾರನೇ ದಿನವೇ 'ಅದು ನಮ್ಮ ಅಥಣಿಯದು' ಅಂತ ಎದ್ದು ಕೂತೆವು. ಕಳುವಾಗುವ ತನಕ ಆಸ್ತಿ ಇತ್ತು ಅನ್ನುವುದೇ ಗೊತ್ತಿರಲಿಲ್ಲ.

ಅಕ್ಕನ ಮಗಳು ಸ್ಟುಡಿಯೋದಲ್ಲಿ ಕೊನೆಗೂ ಒಂದು ಕಪ್ಪು ಕಾಲ್ಕಡಗ ಕೊಂಡಳು. 4,200. ಚೀಟಿಯಲ್ಲಿ 'ಟ್ರೈಬಲ್ ಸಿಲ್ವರ್ ಟೋನ್' ಅಂತಿತ್ತು. ಕೊನೆಯ ಪದವನ್ನು ನಾವಿಬ್ಬರೂ ಆಗ ಸರಿಯಾಗಿ ಓದಲಿಲ್ಲ. ಟಿಕೆಟ್ಟಿನ ಕಾಫಿಯೂ ಅಲ್ಲೇ ಬಂತು, ಎರಡು ಗುಟುಕು.

ರಾತ್ರಿ ಅವಳು ನಮ್ಮ ಮನೆಯಲ್ಲೇ ಉಳಿದಳು. ನಮ್ಮತ್ತೆಗೆ ಫೋನಿನಲ್ಲಿ ತೆಗೆದ ಫೋಟೋ ಒಂದೊಂದಾಗಿ ತೋರಿಸಿದಳು. ಇಳಕಲ್ ಶ್ರಗ್ ನೋಡಿ, "ಸೀರಿ ಇಲಿ ಕಡದಿತ್ತೇನವಾ?" ಅಂದರು. ಖಣದ ಪ್ಯಾಂಟಿಗೆ ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕೌದಿ ಜಾಕೆಟ್ ಬಂದಾಗ ಮಾತ್ರ ಮುಖ ಅರಳಿತು. "ಇಂಥಾದ ಒಂದು ಥಂಡ್ಯಾಗ ನಮ್ಮ ಎಮ್ಮಿಗೆ ಹೊಚ್ಚತಿದ್ವಿ. ಆದ್ರ ಎಮ್ಮಿ ತೋಳು ಹಚ್ಚಂತ ಕೇಳಿದ್ದಿಲ್ಲ ಬಿಡು."

ಬೆಳಿಗ್ಗೆ ಆರಕ್ಕೆ ಎದ್ದು ಅಡುಗೆಮನೆಗೆ ಬಂದರೆ ಅತ್ತೆ ಆಗಲೇ ಸಿಂಕಿನ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ತೆಂಗಿನ ನಾರು, ಪಕ್ಕದ ಬಟ್ಟಲಲ್ಲಿ ಹುಣಸೆಹಣ್ಣು, ಕಲ್ಲುಪ್ಪು. ಹುಡುಗಿ ಪಾಪ ತಿಳಿಯದೆ ಕಪ್ಪುಗಟ್ಟಿದ ಬೆಳ್ಳಿ ಕೊಂಡು ತಂದಿದ್ದಾಳೆ, ಅವಳು ಏಳುವುದರೊಳಗೆ ಬೆಳ್ಳಗೆ ಮಾಡಿಟ್ಟುಬಿಡೋಣ ಅಂತ ತಿಕ್ಕುತ್ತಿದ್ದರು. ಕಪ್ಪು ಹೋಗಿತ್ತು. ಕಪ್ಪಿನ ಕೆಳಗಿದ್ದ ಬಿಳುಪೂ ಹೋಗಿತ್ತು. ಕಡಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು.

"ಅಲ್ಲವಾ, ತಿಕ್ಕಿದಂಗ ತಿಕ್ಕಿದಂಗ ಹಳದಿ ಆಗಾಕ ಹತ್ತೈತಿ. ಒಳಗ ಬಂಗಾರ ಐತೇನು ನೋಡು?"