'ಸಹಾಯಕಿ' ಎಂದರೆ ಆಳಲ್ಲ

ಒಂದು ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ: 'ಬೈಬಲ್ ಪ್ರಕಾರ ಹೆಣ್ಣು ಗಂಡಿನ ಸಹಾಯಕಿ, ಅಂದರೆ ಅವನ ಕೈಕೆಳಗಿನವಳು. ಹಾಗಾಗಿ ನಿಜವಾದ ಕ್ರೈಸ್ತರು ಸ್ತ್ರೀವಾದವನ್ನು ಒಪ್ಪುವಂತಿಲ್ಲ.'

ಇದು ಸರಿಯಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 2:18ರಲ್ಲಿ 'ಸಹಾಯಕಿ' ಎಂಬುದಕ್ಕೆ ಬರುವ ಹೀಬ್ರೂ ಪದ 'ಏಜೆರ್'. ಹಳೆಯ ಒಡಂಬಡಿಕೆಯಲ್ಲಿ ಈ ಪದ ಹೆಚ್ಚಾಗಿ ಬಳಕೆಯಾಗಿರುವುದು ದೇವರ ಕುರಿತಾಗಿಯೇ. 'ನನಗೆ ಸಹಾಯ ಯೆಹೋವನಿಂದ ಬರುತ್ತದೆ' ಎನ್ನುವ 121ನೇ ಕೀರ್ತನೆಯಲ್ಲಿರುವುದೂ ಇದೇ ಪದ. ದೇವರು ಇಸ್ರಾಯೇಲಿನ ಆಳೆಂದು ಯಾರಾದರೂ ಹೇಳುತ್ತಾರೆಯೇ? ಅದರ ಜೊತೆಗಿರುವ 'ಕೆನೆಗ್ದೋ' ಎಂಬ ಪದಕ್ಕೆ ಎದುರುಬದುರಾಗಿ ನಿಲ್ಲುವ, ಸರಿಸಾಟಿಯಾದ ಎಂಬ ಅರ್ಥವಿದೆ. ಅನುವಾದದ ಒಂದು ಪದ ಇಷ್ಟು ಹೆಂಗಸರ ಬಾಯಿ ಮುಚ್ಚಿಸಿತಲ್ಲ ಎಂದು ನನಗೆ ನೋವಾಗುತ್ತದೆ.

ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಆದಿ ಕ್ರೈಸ್ತ ಬೋಧಕನಾದ ಪೌಲನು ಫೊಯಿಬೆ ಎಂಬ ಮಹಿಳೆಯನ್ನು ಕ್ರೈಸ್ತ ಸಭೆಯ ಸೇವಕಿ ಎಂದು ಕರೆಯುತ್ತಾನೆ. ಮೂಲ ಗ್ರೀಕಿನ 'ಡಿಯಾಕೊನೊಸ್' ಅವನು ತನಗೂ ಬಳಸಿಕೊಂಡ ಪದ.

ಸ್ತ್ರೀವಾದದ ಮಾತಿಗೆ ಬಂದರೆ, ಅಮೆರಿಕದ ಸಾರಾ ಗ್ರಿಮ್ಕೆ 1838ರಲ್ಲೇ ಸ್ತ್ರೀಪುರುಷ ಸಮಾನತೆಯನ್ನು ಬೈಬಲ್ ಆಧಾರದಿಂದಲೇ ವಾದಿಸಿದ್ದರು. ಅಲ್ಲಿಯವರೇ ಆದ ಆಂಟೊನೆಟ್ ಬ್ರೌನ್ ಎಂಬ ಮಹಿಳೆ 1853ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು.

ಹಾಗೆಂದು ಕ್ರೈಸ್ತರೆಲ್ಲ ಒಂದೇ ಮಾತಿನವರಲ್ಲ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡ್ 1994ರಿಂದ ಕೊಡುತ್ತಿದೆ. ಹೊಣೆಗಾರಿಕೆಗಳು ಬೇರೆಬೇರೆ ಎನ್ನುವ ಸಂಪ್ರದಾಯಸ್ಥರಲ್ಲೂ ಅನೇಕರು ಆದಿಕಾಂಡ 1:27ನ್ನು ಮುಂದಿಟ್ಟು, ಇಬ್ಬರೂ ದೇವಸ್ವರೂಪದಲ್ಲಿ ಸೃಷ್ಟಿಯಾದವರು, ಬೆಲೆಯಲ್ಲಿ ಸಮಾನರು ಎಂದೇ ಬೋಧಿಸುತ್ತಾರೆ.