ಹತ್ತು ತಿಂಗಳ ಮೇಷ್ಟ್ರು ಮತ್ತು ನಮ್ಮ ಸದನ

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಕಾಗದದ ಚೂರುಗಳು ಹಾರಾಡುತ್ತಿದ್ದ ಗದ್ದಲದ ನಡುವೆಯೇ ಮುಖ್ಯಮಂತ್ರಿ, ಸಚಿವರು ಮತ್ತು ಶಾಸಕರ ವೇತನ ಹೆಚ್ಚಿಸುವ ವಿಧೇಯಕಗಳು ಚರ್ಚೆಯೇ ಇಲ್ಲದೆ ಅಂಗೀಕಾರವಾದವು. ಶಾಸಕರ ಮೂಲ ವೇತನ 40,000 ರೂಪಾಯಿಯಿಂದ 80,000 ರೂಪಾಯಿಗೆ ಏರಿತು. ಅದಕ್ಕೆ ಎರಡು ವಾರ ಮೊದಲು, ಮಾರ್ಚ್ 7ರಂದು ಮಂಡನೆಯಾದ ಬಜೆಟ್‌ನಲ್ಲಿ ಸರ್ಕಾರಿ ಶಾಲೆಗಳ ಖಾಲಿ ಹುದ್ದೆಗಳಿಗೆ ತಾತ್ಕಾಲಿಕವಾಗಿ ತೆಗೆದುಕೊಳ್ಳುವ ಅತಿಥಿ ಶಿಕ್ಷಕರ ಗೌರವಧನಕ್ಕೆ ತಿಂಗಳಿಗೆ 2,000 ರೂಪಾಯಿ ಸೇರಿಸಿ, ಅದನ್ನು ಪ್ರಾಥಮಿಕ ಶಾಲೆಯಲ್ಲಿ 12,000ಕ್ಕೆ, ಪ್ರೌಢಶಾಲೆಯಲ್ಲಿ 12,500ಕ್ಕೆ ತರಲಾಗಿತ್ತು. ಶಾಸಕರಿಗೆ ಸಂಬಳ ಹೆಚ್ಚಾಗಬಾರದು ಎಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕವಾಗಿ ದುಡಿಯುವವರಿಗೆ ಅದು ದೊಡ್ಡ ಮೊತ್ತವೂ ಅಲ್ಲ. ಆದರೆ ಮನಸ್ಸು ಮಾಡಿದರೆ ಸದನ ಎಷ್ಟು ಬೇಗ ಕೆಲಸ ಮಾಡಬಲ್ಲದು ಎಂಬುದು ಅಂದು ಗೊತ್ತಾಯಿತು. ಆ ವೇಗದ ಹತ್ತನೇ ಒಂದು ಪಾಲೂ ಶಾಲೆಗಳ ವಿಷಯಕ್ಕೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಶಿಕ್ಷಣ ನೀತಿಯ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಹಂತದಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ಹೆಗ್ಗಳಿಕೆ ನಮ್ಮದಾಯಿತು. 2024ರಲ್ಲಿ ಆ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದೆವು. 2022ರಲ್ಲಿ ಪಠ್ಯಪುಸ್ತಕಗಳ ಪರಿಷ್ಕರಣೆ, 2023ರಲ್ಲಿ ಆ ಪರಿಷ್ಕರಣೆಯ ಪರಿಷ್ಕರಣೆ. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಎರಡು ಭಾಷೆಯ ಸೂತ್ರ ಬೇಕೋ ಮೂರು ಭಾಷೆಯದೋ ಎಂಬ ಜಗಳ ಮರುದಿನದಿಂದಲೇ ಶುರುವಾಯಿತು. ಇವೆಲ್ಲ ಮುಖ್ಯವಲ್ಲ ಎನ್ನಲಾರೆ. ಆದರೆ ಇವುಗಳಲ್ಲಿ ಬಹುಪಾಲು ಖಜಾನೆಗೆ ಹೊರೆಯಾಗದ ಜಗಳಗಳು ಎಂಬುದನ್ನು ಗಮನಿಸಬೇಕು. ಅದೇ ಆಯೋಗ ಎರಡು ವರ್ಷದ ಪೂರ್ವ ಪ್ರಾಥಮಿಕ, ಎಂಟು ವರ್ಷದ ಪ್ರಾಥಮಿಕ, ನಾಲ್ಕು ವರ್ಷದ ಪ್ರೌಢ ಶಿಕ್ಷಣ ಎಂಬ ವ್ಯವಸ್ಥೆಯನ್ನೂ ಸೂಚಿಸಿದೆ. ಆ ಮೊದಲ ಎರಡು ವರ್ಷಗಳಿಗೆ ಎಷ್ಟು ಶಿಕ್ಷಕರು ಬೇಕು, ಆ ಹುದ್ದೆಗಳನ್ನು ಯಾವ ಲೆಕ್ಕಶೀರ್ಷಿಕೆಯಡಿ ಸೃಷ್ಟಿಸುತ್ತೀರಿ ಎಂದು ಎದ್ದು ನಿಂತು ಕೇಳಿದ ಶಾಸಕರ ದನಿ ನನ್ನ ಕಿವಿಗೆ ಬಿದ್ದಿಲ್ಲ.

ನನ್ನ ದೃಷ್ಟಿಯಲ್ಲಿ ಕರ್ನಾಟಕದ ನಿಜವಾದ ಶಿಕ್ಷಣ ನೀತಿ ಯಾವ ಆಯೋಗದ ವರದಿಯಲ್ಲೂ ಇಲ್ಲ. ಪಕ್ಷ ಯಾವುದೇ ಅಧಿಕಾರದಲ್ಲಿರಲಿ, ಬದಲಾಗದೆ ಮುಂದುವರಿದುಕೊಂಡು ಬಂದಿರುವ ಆ ನೀತಿಯ ಹೆಸರು ಅತಿಥಿ ಶಿಕ್ಷಕ.

ಲೆಕ್ಕ ಸರಳವಾಗಿದೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಹೊಸದಾಗಿ ನೇಮಕವಾಗುವ ಪ್ರಾಥಮಿಕ ಶಾಲಾ ಶಿಕ್ಷಕರ ಮೂಲ ವೇತನವೇ 40,000 ರೂಪಾಯಿ ದಾಟುತ್ತದೆ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಅದೇ ತರಗತಿಯಲ್ಲಿ, ಅದೇ ಡಿ.ಇಡಿ. ಅಥವಾ ಬಿ.ಇಡಿ. ಓದಿಕೊಂಡು, ಅದೇ ಪಾಠ ಮಾಡುವ ಅತಿಥಿ ಶಿಕ್ಷಕಿಗೆ 12,000, ಅದೂ ವರ್ಷಕ್ಕೆ ಸುಮಾರು ಹತ್ತು ತಿಂಗಳು ಮಾತ್ರ. ರಾಜ್ಯದಲ್ಲಿ ಈಗ ವರ್ಷವೊಂದಕ್ಕೆ 50,000ದ ಆಸುಪಾಸಿನಲ್ಲಿ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲಾಗುತ್ತಿದೆ. ಅಷ್ಟೂ ಜನರಿಗೆ ಹತ್ತು ತಿಂಗಳ ಗೌರವಧನ ಕೊಟ್ಟರೂ ಸರ್ಕಾರಕ್ಕೆ ಆಗುವ ಖರ್ಚು ಹೆಚ್ಚುಕಡಿಮೆ 600 ಕೋಟಿ ರೂಪಾಯಿ. 2025-26ರ 4,09,549 ಕೋಟಿಯ ಬಜೆಟ್‌ನಲ್ಲಿ ಇದು ಎಲ್ಲೂ ಕಣ್ಣಿಗೆ ಬೀಳುವ ಮೊತ್ತವಲ್ಲ. ಕಣ್ಣಿಗೆ ಬೀಳದಿರುವುದರಿಂದಲೇ ಈ ಏರ್ಪಾಡು ಇಷ್ಟು ಕಾಲ ಬಾಳಿದೆ ಎಂಬುದು ನನ್ನ ಅನುಮಾನ.

ಮಗಳು ಓದುತ್ತಿದ್ದ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ನಾನು ಮೂರು ವರ್ಷ ಸದಸ್ಯನಾಗಿದ್ದೆ. ಅಲ್ಲಿ ಕಂಡದ್ದನ್ನು ಇಲ್ಲಿ ಬರೆಯಬೇಕು. ಜೂನ್‌ನಲ್ಲಿ ಶಾಲೆ ತೆರೆದು ಮಕ್ಕಳಿಗೆ ಹೂವು ಕೊಟ್ಟು ಒಳಗೆ ಕರೆದುಕೊಂಡಾಗ ಗಣಿತಕ್ಕೆ ಯಾರೂ ಇರುತ್ತಿರಲಿಲ್ಲ. ಆದೇಶ ಬಂದು, ಅರ್ಜಿ ಕರೆದು, ಅಂಕಪಟ್ಟಿ ನೋಡಿ ಆಯ್ಕೆ ಮಾಡುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು. ಬಂದ ಹುಡುಗಿ ಚೆನ್ನಾಗಿಯೇ ಪಾಠ ಮಾಡುತ್ತಿದ್ದಳು. ಮಕ್ಕಳಿಗೂ ಅವಳೆಂದರೆ ಇಷ್ಟವಿತ್ತು. ಗೌರವಧನ ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತಿತ್ತು. ಡಿಸೆಂಬರ್‌ನಲ್ಲಿ ಹತ್ತಿರದ ಖಾಸಗಿ ಶಾಲೆಯವರು 15,000ಕ್ಕೆ ಕರೆದರು, ಹೋದಳು. ತಪ್ಪು ಅವಳದ್ದು ಎಂದು ನಮ್ಮ ಸಭೆಯಲ್ಲಿ ಯಾರಿಗೂ ಹೇಳಲಾಗಲಿಲ್ಲ. ಮುಂದಿನ ವರ್ಷ ಬೇರೊಬ್ಬರು ಬಂದರು, ಅದರ ಮುಂದಿನ ವರ್ಷ ಮತ್ತೊಬ್ಬರು. ಐದನೇ ತರಗತಿಯಲ್ಲಿ ಭಿನ್ನರಾಶಿ ಅರ್ಧಕ್ಕೆ ನಿಂತ ಮಕ್ಕಳು ಏಳನೇ ತರಗತಿಗೆ ಬಂದಾಗಲೂ ಅದು ಅರ್ಧಕ್ಕೇ ನಿಂತಿತ್ತು.

ಉಳಿದ ಇಬ್ಬರು ಕಾಯಂ ಶಿಕ್ಷಕರಾದರೂ ಪಾಠಕ್ಕೆ ಸಿಗುತ್ತಿದ್ದರೇ ಎಂದರೆ ಅದೂ ಇಲ್ಲ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನ ಬಿಸಿಯೂಟ ಮತ್ತು ಮೊಟ್ಟೆಯ ಲೆಕ್ಕ, ಸಂಜೆ ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವ ಕೆಲಸ. ನಡುವೆ ಒಬ್ಬರಿಗೆ ಮತಗಟ್ಟೆ ಅಧಿಕಾರಿಯ ಜವಾಬ್ದಾರಿ. 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳುಹಿಸಿ, ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದನ್ನು ಎಲ್ಲರೂ ಬಲ್ಲರು. ಸಮೀಕ್ಷೆ ಬೇಕಾದದ್ದೇ. ಆದರೆ ಮಕ್ಕಳ ಶೈಕ್ಷಣಿಕ ಸ್ಥಿತಿಗತಿ ತಿಳಿಯಲು ಶಾಲೆಯನ್ನೇ ಮುಚ್ಚಿದ್ದನ್ನು ನೆನೆದರೆ ಇಂದಿಗೂ ಒಂದು ಬಗೆಯ ನಗು ಬರುತ್ತದೆ.

ಕಾಯಂ ನೇಮಕ ಏಕೆ ಆಗುತ್ತಿಲ್ಲ ಎಂಬುದಕ್ಕೆ ಪ್ರತಿ ಸರ್ಕಾರದ ಬಳಿಯೂ ಕಾರಣಗಳಿವೆ, ಅವು ಸುಳ್ಳೂ ಅಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅಧಿಸೂಚನೆ ಹೊರಟಿತು. ಮದುವೆಯಾದ ಮಹಿಳಾ ಅಭ್ಯರ್ಥಿಗಳು ಕೊಡಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯದೋ ಗಂಡನದೋ ಎಂಬ ವ್ಯಾಜ್ಯ ಹೈಕೋರ್ಟ್ ಹತ್ತಿ ಇಳಿದು, ಶಿಕ್ಷಕರು ಶಾಲೆ ತಲುಪುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. 2024ರ ಅಕ್ಟೋಬರ್ ಕೊನೆಯಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಚಿವ ಸಂಪುಟ ನಿರ್ಧರಿಸಿತು. ಅದು ತೀರ್ಮಾನವಾಗಲು 2025ರ ಆಗಸ್ಟ್ ಬರಬೇಕಾಯಿತು. ನ್ಯಾಯ ಸಿಗಲೇಬೇಕಾದ ವಿಷಯ ಅದು, ತಡೆದದ್ದೂ ಸರಿಯೇ. ಆದರೆ ಒಬ್ಬ ಶಿಕ್ಷಕ ಯಾವ ವರ್ಷದ ಯಾವ ತಿಂಗಳು ನಿವೃತ್ತನಾಗುತ್ತಾನೆ ಎಂಬುದು ಅವನು ಕೆಲಸಕ್ಕೆ ಸೇರಿದ ದಿನವೇ ಇಲಾಖೆಗೆ ಗೊತ್ತಿರುತ್ತದೆ. ಮೂವತ್ತು ವರ್ಷ ಮೊದಲೇ ಗೊತ್ತಿರುವ ಖಾಲಿ ಜಾಗವನ್ನು ತುರ್ತುಸ್ಥಿತಿ ಎಂಬಂತೆ ಪ್ರತಿ ಜೂನ್‌ನಲ್ಲೂ ನಿಭಾಯಿಸುವುದಕ್ಕೆ ಯಾವ ನ್ಯಾಯಾಲಯವೂ ಕಾರಣವಲ್ಲ.

ಆರ್ಥಿಕ ಇಲಾಖೆಯ ವಾದವನ್ನೂ ಕೇಳಬೇಕು. ಇಂದು ನೇಮಿಸಿಕೊಂಡ ಶಿಕ್ಷಕರಿಗೆ ಮೂರು ದಶಕ ಸಂಬಳ ಕೊಡಬೇಕು, ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯೋ ಇಳಿಯುತ್ತಿದೆ, ನಾಳೆ ಅವರು ಹೆಚ್ಚುವರಿಯಾದರೆ ಏನು ಮಾಡುವುದು ಎಂಬುದು ಅದರ ಪ್ರಶ್ನೆ. ಇಪ್ಪತ್ತು ಮಕ್ಕಳಿರುವ ಶಾಲೆಗೆ ವಿಷಯಕ್ಕೊಬ್ಬರಂತೆ ಕೊಡಲು ಸಾಧ್ಯವಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮಕ್ಕಳು ಶಾಲೆ ಬಿಟ್ಟು ಹೋಗುವುದು ಯಾವಾಗ? ಒಂದರಿಂದ ಐದರವರೆಗಿನ ತರಗತಿಗಳಿಗೆ ಒಬ್ಬರೇ ಶಿಕ್ಷಕರು ಎಂದು ಗೊತ್ತಾದಾಗ ತಾಯಂದಿರು ಹೊಲದ ಕೂಲಿಯ ದುಡ್ಡನ್ನು ಕೂಡಿಟ್ಟು ಮಗುವನ್ನು ಕಾನ್ವೆಂಟಿನ ವ್ಯಾನು ಹತ್ತಿಸುತ್ತಾರೆ. ಶಿಕ್ಷಕರಿಲ್ಲದ್ದರಿಂದ ಮಕ್ಕಳು ಹೋದರು, ಮಕ್ಕಳಿಲ್ಲದ್ದರಿಂದ ಶಿಕ್ಷಕರು ಬೇಡ ಎಂಬ ಈ ಸುತ್ತನ್ನು ಒಡೆಯಬಲ್ಲವರು ಹಣ ಮಂಜೂರು ಮಾಡುವವರೇ ಹೊರತು ಆ ತಾಯಂದಿರಲ್ಲ.

ಈಗ ಒಟ್ಟು ಮೊತ್ತಕ್ಕೆ ಬರೋಣ. 2024-25ರ ಬಜೆಟ್‌ನಲ್ಲಿ ಶಿಕ್ಷಣಕ್ಕೆ ತೋರಿಸಿದ್ದು 44,422 ಕೋಟಿ. 2025-26ರಲ್ಲಿ 45,286 ಕೋಟಿ. ಹೆಚ್ಚಾಯಿತಲ್ಲ ಎನ್ನಬಹುದು. ಆದರೆ ಅದೇ ಅವಧಿಯಲ್ಲಿ ಒಟ್ಟು ಬಜೆಟ್ 3,71,383 ಕೋಟಿಯಿಂದ 4,09,549 ಕೋಟಿಗೆ, ಅಂದರೆ ಶೇ 10ರಷ್ಟು ಬೆಳೆದರೆ ಶಿಕ್ಷಣದ ಪಾಲಿಗೆ ಸಿಕ್ಕ ಹೆಚ್ಚಳ ಶೇ 2ನ್ನೂ ಮುಟ್ಟಲಿಲ್ಲ. ಹಿಂದಿನ ವರ್ಷ ಶೇ 12ರಷ್ಟಿದ್ದ ಪಾಲು ಶೇ 11ಕ್ಕೆ ಇಳಿಯಿತು. ವೇತನ ಪರಿಷ್ಕರಣೆಯ ಭಾರ ಮೊದಲ ಬಾರಿಗೆ ಇಡೀ ಹನ್ನೆರಡು ತಿಂಗಳು ಬೀಳುವ ವರ್ಷದಲ್ಲೇ ಹೀಗಾದರೆ, ಸಂಬಳದ ಆಚೆಗೆ ಪ್ರಯೋಗಾಲಯಕ್ಕೆ, ಗ್ರಂಥಾಲಯಕ್ಕೆ, ಸೋರುವ ಚಾವಣಿಗೆ ಉಳಿಯುವುದೆಷ್ಟು ಎಂಬುದನ್ನು ಯಾರಾದರೂ ಊಹಿಸಬಹುದು. ರಾಷ್ಟ್ರೀಯ ಆದಾಯದ ಶೇ 6ನ್ನು ಶಿಕ್ಷಣಕ್ಕೆ ಕೊಡಬೇಕೆಂದು 1964-66ರ ಕೊಠಾರಿ ಆಯೋಗ ಹೇಳಿದ್ದನ್ನು ಅಲ್ಲಿಂದೀಚೆಗಿನ ಪ್ರತಿ ನೀತಿಯೂ ಭಕ್ತಿಯಿಂದ ಪಠಿಸಿದೆ. ಇತ್ತ ಮೂವತ್ತು ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಕೇಂದ್ರ ಮತ್ತು ರಾಜ್ಯ ಸೇರಿ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ಅಡಿ ಬರುವ ವಾರ್ಷಿಕ ಅನುದಾನ 10,000 ರೂಪಾಯಿ. ಸೀಮೆಸುಣ್ಣ, ಸುಣ್ಣಬಣ್ಣ, ಶೌಚಾಲಯದ ಸ್ವಚ್ಛತೆ ಎಲ್ಲವೂ ಅದರಲ್ಲೇ.

ಗ್ಯಾರಂಟಿ ಯೋಜನೆಗಳೇ ಶಿಕ್ಷಣದ ಪಾಲನ್ನು ನುಂಗಿದವು ಎಂಬ ವಾದ ಇಲ್ಲಿ ಕೂಡಲೇ ಎದ್ದು ಬರುತ್ತದೆ ಎಂದು ಬಲ್ಲೆ. ಅವುಗಳಿಗೆ 2025-26ರಲ್ಲಿ ಇಟ್ಟ 51,034 ಕೋಟಿ ಶಿಕ್ಷಣಕ್ಕೆ ಇಟ್ಟದ್ದಕ್ಕಿಂತ ಹೆಚ್ಚು ಎಂಬುದು ನಿಜ. ಆದರೆ ಅತಿಥಿ ಶಿಕ್ಷಕರು ಗ್ಯಾರಂಟಿಗಳಿಗಿಂತ ಹಳಬರು. 2023ಕ್ಕೆ ಮೊದಲು ಹುದ್ದೆಗಳೆಲ್ಲ ಭರ್ತಿಯಾಗಿದ್ದವು ಎಂದು ಹೇಳುವ ಧೈರ್ಯ ಯಾವ ಪಕ್ಷಕ್ಕೂ ಇರಲಾರದು. ಹಾಗಾಗಿ ಈ ವಾದದಲ್ಲಿ ಹೆಚ್ಚು ಹೊತ್ತು ಕಳೆಯಲು ನನಗೆ ಇಷ್ಟವಿಲ್ಲ.

ಕೇಂದ್ರದ ಪಾಲಿನ ಮಾತು ಬೇರೆ, ಅದನ್ನು ಗಟ್ಟಿಯಾಗಿಯೇ ಆಡಬೇಕು. 1976ರ 42ನೇ ತಿದ್ದುಪಡಿ ಶಿಕ್ಷಣವನ್ನು, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಒಯ್ದ ಮೇಲೆ ನೀತಿ ಹೇಳುವ ಅಧಿಕಾರ ದೆಹಲಿಗೂ ಸಿಕ್ಕಿತು, ಸಂಬಳ ಕೊಡುವ ಹೊಣೆ ಬಹುಪಾಲು ರಾಜ್ಯದಲ್ಲೇ ಉಳಿಯಿತು. ಆದಾಯ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಕಟ್ಟುವ ನಮ್ಮಲ್ಲಿ ಎಷ್ಟೋ ಜನರಿಗೆ, ಸೆಸ್ ಹಣ ರಾಜ್ಯಗಳೊಂದಿಗೆ ಹಂಚಿಕೊಳ್ಳುವ ತೆರಿಗೆ ನಿಧಿಗೆ ಸೇರುವುದೇ ಇಲ್ಲ ಎಂಬುದು ಗೊತ್ತಿಲ್ಲ. ಹದಿನೈದನೇ ಹಣಕಾಸು ಆಯೋಗ ಹಂಚಿಕೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದ್ದೂ ಹಳೆಯ ಗಾಯವೇ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40 ಎಂಬ ಲೆಕ್ಕವಿದ್ದರೂ, ಆಯ್ದ ಶಾಲೆಗಳನ್ನು ಮಾದರಿ ಶಾಲೆಗಳಾಗಿಸುವ ಕೇಂದ್ರದ ಪಿಎಂ ಶ್ರೀ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕದ ತಮಿಳುನಾಡಿಗೆ ಹಣ ನಿಂತುಹೋಗಿ ಆ ರಾಜ್ಯ 2025ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ನಮ್ಮ ಶಾಸಕರು ಪಕ್ಷಭೇದ ಮರೆತು ಒಂದು ನಿರ್ಣಯ ಮಾಡಬಹುದಾದ ವಿಷಯ ಇದು. ಆದರೆ ದೆಹಲಿಯ ಅನ್ಯಾಯದ ಮಾತು ಮುಗಿದ ಮೇಲೂ ನಮ್ಮದೇ ಹಣದಲ್ಲಿ ನಮ್ಮದೇ ಹುದ್ದೆ ತುಂಬಿಕೊಳ್ಳುವ ಕೆಲಸ ಉಳಿದೇ ಇರುತ್ತದೆ.

2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ದಕ್ಷಿಣ ಕನ್ನಡದಲ್ಲಿ ಶೇ 91.12, ಕಲಬುರಗಿಯಲ್ಲಿ ಶೇ 42.43. ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಇದಕ್ಕೆ ಸರ್ಕಾರ ಕೊಟ್ಟ ಉತ್ತರಗಳಲ್ಲಿ ಎಲ್ಲರಿಗೂ ನೆನಪಿರುವುದು ಉತ್ತೀರ್ಣತೆಯ ಮಿತಿಯನ್ನು ಶೇ 35ರಿಂದ ಶೇ 33ಕ್ಕೆ ಇಳಿಸಿದ್ದು. ಹಾಗೆಂದು ಆ ಭಾಗಕ್ಕೆ ಹಣವೇ ಇಲ್ಲ ಎನ್ನುವಂತಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತದೆ. ಆದರೆ ಅಂಥ ಹಣದಲ್ಲಿ ಕೊಠಡಿ ಕಟ್ಟಬಹುದು, ಕಾಂಪೌಂಡ್ ಎತ್ತಬಹುದು. ಒಂದು ಕಾಯಂ ಹುದ್ದೆಗೆ ಆರ್ಥಿಕ ಇಲಾಖೆಯ ಒಪ್ಪಿಗೆಯೇ ಬೇಕು. ಕೊಠಡಿಗೆ ಗುದ್ದಲಿ ಪೂಜೆಯಿದೆ, ಉದ್ಘಾಟನೆಯಿದೆ, ಗೋಡೆಯ ಮೇಲೆ ಶಾಸಕರ ಹೆಸರು ಕೆತ್ತಿದ ಕಲ್ಲಿದೆ. ಗಣಿತದ ಮೇಷ್ಟ್ರು ಬಂದರೆ ಕಲ್ಲು ನೆಡಲಾಗುವುದಿಲ್ಲ. ವರ್ಷಕ್ಕೆ 2 ಕೋಟಿಯ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಶಾಲೆಯ ಕಡೆ ಬಂದಾಗಲೂ ಅದು ಸಿಮೆಂಟಿನ ರೂಪದಲ್ಲೇ ಬರುವುದು ನನಗಂತೂ ಕಾಕತಾಳೀಯವಾಗಿ ಕಂಡಿಲ್ಲ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಗಳಿವೆ. ಆದರೆ ಸಂವಿಧಾನದ 171ನೇ ವಿಧಿಯ ಪ್ರಕಾರ ಅಲ್ಲಿ ಮತ ಹಾಕಬಲ್ಲವರು ಪ್ರೌಢಶಾಲೆಗಿಂತ ಕೆಳಗಿಲ್ಲದ ಹಂತದ ಶಿಕ್ಷಕರು. ಅಕ್ಷರ ತಿದ್ದಿಸುವ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಅಲ್ಲಿ ಮತವಿಲ್ಲ. ಪರಿಷತ್ತಿನಲ್ಲಿ ಪಿಂಚಣಿ, ಕಾಲ್ಪನಿಕ ವೇತನ, ಅನುದಾನಿತ ಸಂಸ್ಥೆಗಳ ಸಮಸ್ಯೆಗಳು ಜೋರಾಗಿ ಕೇಳಿಸಿ, ಒಂದನೇ ತರಗತಿಯ ವಿಷಯ ಕ್ಷೀಣವಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ನಾನು ಕೇಳುತ್ತಿರುವುದು ಕ್ರಾಂತಿಯನ್ನಲ್ಲ. ನಿವೃತ್ತಿಯ ಪಟ್ಟಿ ನೋಡಿ ಪ್ರತಿ ವರ್ಷ ನೇಮಕದ ವೇಳಾಪಟ್ಟಿ ಪ್ರಕಟಿಸುವುದನ್ನು ಕಾನೂನಿನಲ್ಲೇ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಅತಿಥಿ ಶಿಕ್ಷಕರು ಬೇಕೇ ಬೇಕೆಂದಾದರೆ ಅವರ ಆಯ್ಕೆ ಮೇ ತಿಂಗಳಲ್ಲೇ ಮುಗಿಯಲಿ, ತಿಂಗಳಿಗೆ 20,000ದಂತೆ ಹನ್ನೆರಡು ತಿಂಗಳು ಕೊಡಲಿ. 50,000 ಜನರಿಗೆ ಅದರ ಖರ್ಚು 1,200 ಕೋಟಿ. ಈಗಿನದಕ್ಕಿಂತ ಹೆಚ್ಚುವರಿಯಾಗಿ ಬೇಕಾದ 600 ಕೋಟಿ 2025-26ರ ಇಡೀ ಬಜೆಟ್‌ನ ಶೇ 0.15ರಷ್ಟು. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು 2005ರಲ್ಲಿ ತಾವೇ ಕಾನೂನು ಮಾಡಿಕೊಂಡು, ಅದನ್ನು ಪಾಲಿಸಿದ ವರ್ಷಗಳನ್ನು ಹುಡುಕಬೇಕಾದ ಸ್ಥಿತಿಯಲ್ಲಿರುವ ಸದನಕ್ಕೆ ಇದನ್ನು ಚರ್ಚಿಸಲು ಒಂದು ಇಡೀ ದಿನ ಸಿಗದೇ ಹೋಗುವುದಿಲ್ಲ.

ಕಳೆದ ವಾರ ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಒಂದು ಪತ್ರ ಕೊಟ್ಟು ಬಂದೆ. ಸದನದಲ್ಲಿ ಲಿಖಿತ ಉತ್ತರವಷ್ಟೇ ಸಿಗುವ, ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿಯಾದರೂ ಸರಿ, ಇಷ್ಟನ್ನು ಕೇಳಿ ಎಂದು ಬರೆದಿದ್ದೇನೆ: ನಮ್ಮ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಇರುವುದೆಷ್ಟು, ಪ್ರತಿಯೊಂದೂ ಯಾವ ತಿಂಗಳಿನಿಂದ ಖಾಲಿ ಇದೆ, ಅದನ್ನು ತುಂಬಲು ಆರ್ಥಿಕ ಇಲಾಖೆಗೆ ಪ್ರಸ್ತಾವ ಹೋದ ದಿನಾಂಕ ಯಾವುದು. ಪತ್ರ ತೆಗೆದುಕೊಂಡ ಆಪ್ತ ಸಹಾಯಕರು ಸ್ವೀಕೃತಿಯ ಮೊಹರು ಒತ್ತುತ್ತಾ, "ಸರ್, ಇದು ಯಾವ ಕಟ್ಟಡದ್ದು?" ಎಂದು ಕೇಳಿದರು.